ಸ್ಥಾಪನಾ ಕೈಪಿಡಿಯ ಕನ್ನಡ: ಸ್ವಯಂಸೇವಾ ಗಣನೆಯ ಹಿನ್ನೆಲೆಯಲ್ಲಿ

ಕನ್ನಡ ಮತ್ತು ಗಣಕವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಲಿಪಿ, ಕೀಲಿಮಣೆ ಮತ್ತು ಪಾರಿಭಾಷಿಕ ಪದಗಳ ಸುತ್ತಲೇ ನಡೆದಿದೆ. ಒಂದು ತಂತ್ರಾಂಶವನ್ನು ಗಣಕದಲ್ಲಿ ನೆಲೆಗೊಳಿಸುವ ಬಗೆಯನ್ನು ಹಂತ ಹಂತವಾಗಿ ತಿಳಿಸುವ ಸ್ಥಾಪನಾ ಕೈಪಿಡಿಯೂ ಗದ್ಯದ ಒಂದು ಪ್ರಕಾರವೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಈ ಪ್ರಕಾರದ ತೊಡಕುಗಳು ಸ್ಪಷ್ಟವಾಗಿ ಗೋಚರಿಸುವ ಕ್ಷೇತ್ರಗಳಲ್ಲಿ ಸ್ವಯಂಸೇವಾ ವಿತರಿತ ಗಣನೆಯೂ ಒಂದು. ಇಲ್ಲಿ ಕೈಪಿಡಿಯನ್ನು ಓದುವವರು ಸರಕು ಕೊಂಡ ಗ್ರಾಹಕರಲ್ಲ. ತಮ್ಮ ಗಣಕವನ್ನೂ ವಿದ್ಯುತ್ತನ್ನೂ ಅನ್ಯರ ಸಂಶೋಧನೆಗೆ ಬಿಟ್ಟುಕೊಡುವವರು. ಕೈಪಿಡಿ ತಪ್ಪಿದರೆ ನಷ್ಟ ಅವರದು.

ಈ ಗಣನೆಯ ತತ್ತ್ವ ಸರಳವಾದುದು. ದೊಡ್ಡ ಲೆಕ್ಕವೊಂದನ್ನು ಸಣ್ಣ ತುಂಡುಗಳಾಗಿ ಒಡೆದು, ಅಂತರ್ಜಾಲದ ಮೂಲಕ ಮನೆಮನೆಯ ಗಣಕಗಳಿಗೆ ಹಂಚಿ, ಫಲಿತಾಂಶವನ್ನು ಗಡುವಿನೊಳಗೆ ಮರಳಿ ಪಡೆಯಲಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ 1999ರ ಮೇ ತಿಂಗಳಲ್ಲಿ ಆರಂಭವಾದ ‘ಸೆಟಿ ಅಟ್ ಹೋಮ್’ ಇದನ್ನು ಜನಪ್ರಿಯಗೊಳಿಸಿತು. ಅಲ್ಲಿಯೇ 2002ರಿಂದ ರೂಪುಗೊಂಡ ‘ಬೋಯಿಂಕ್’ ತಂತ್ರಾಂಶವು ಹಲವು ಯೋಜನೆಗಳಿಗೆ ಒಂದೇ ಬಾಗಿಲಾಯಿತು. 2010ರಲ್ಲಿ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯು ಹೊಸ ಪಲ್ಸಾರ್ ನಕ್ಷತ್ರವೊಂದನ್ನು ಪತ್ತೆ ಮಾಡಿದಾಗ, ಅದರ ಸುಳಿವು ಸಿಕ್ಕಿದ್ದು ಅಮೆರಿಕದ ಅಯೊವಾದ ದಂಪತಿಗಳ ಹಾಗೂ ಜರ್ಮನಿಯ ಮೈಂಜ್ ನಗರದ ಒಬ್ಬರ ಗಣಕಗಳಲ್ಲಿ. ಶಿವಮೊಗ್ಗದ ವಿನೋಬನಗರದ ಅಥವಾ ಭದ್ರಾವತಿಯ ಪೇಪರ್ ಟೌನಿನ ಮನೆಯೊಂದರ ಗಣಕವೂ ಇದೇ ಕೆಲಸ ಮಾಡಬಲ್ಲದು. ಆದರೆ ಆ ಮನೆಯವರಿಗೆ ಅದನ್ನು ಕನ್ನಡದಲ್ಲಿ ವಿವರಿಸುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಪರಿಕಲ್ಪನೆಯನ್ನು ತಿಳಿಸಲು ನುಡಿಯೊಳಗೇ ಆಸರೆಯಿದೆ. ಮಲೆನಾಡಿನ ರೈತರಿಗೆ ‘ಮುಯ್ಯಾಳು’ ಗೊತ್ತು: ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದು, ಆ ದುಡಿಮೆಯನ್ನು ದುಡಿಮೆಯಾಗಿಯೇ ಮರಳಿ ಪಡೆಯುವ ಪದ್ಧತಿ. ಹೋಲಿಕೆ ಅರ್ಧದವರೆಗೆ ಸರಿ. ಮುಯ್ಯಿ ತೀರಿಸಲೇಬೇಕಾದದ್ದು; ಗಣಕದ ಈ ದುಡಿಮೆಗೆ ಅಂತಹ ಮರಳಿಕೆಯಿಲ್ಲ. ತಂತ್ರಾಂಶವು ಲೆಕ್ಕವಿಡುವ ‘ಕ್ರೆಡಿಟ್’ ಅಂಕಗಳು ಹಣವಲ್ಲ. ಅದನ್ನು ‘ಸಾಲ’ವೆಂದು ಅನುವಾದಿಸಿದರೆ ಓದುಗರು ಹೆದರಿ ಓಡಬಹುದು, ‘ಜಮೆ’ ಎಂದರೆ ಬ್ಯಾಂಕಿಗೆ ಹೋಗಿ ಕೇಳಬಹುದು. ‘ಅಂಕ’ವೆಂಬ ಪದವೇ ಸಾಕು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ, ಗಣಕವು ಯಾವ ಹೊತ್ತಿನಲ್ಲಿ ದುಡಿಯಬೇಕೆಂಬ ಹೊಂದಿಕೆಯನ್ನು ‘ರಾತ್ರಿ ಪಾಳಿ’ ಎಂದರೆ ಬೇರೆ ವಿವರಣೆ ಬೇಡ.

ತೊಡಕು ಆರಂಭವಾಗುವುದು ಕ್ರಿಯಾಪದಗಳಲ್ಲಿ. ಕೈಪಿಡಿಯ ವಾಕ್ಯಗಳು ವಿಧ್ಯರ್ಥದವು. ಆದರೆ ಕನ್ನಡದ ಎಷ್ಟೋ ಧಾತುಗಳಲ್ಲಿ ಬಹುವಚನದ ವಿಧ್ಯರ್ಥವೂ ಭೂತನ್ಯೂನವೂ ಒಂದೇ ರೂಪದಲ್ಲಿವೆ. ‘ಗುಂಡಿಯನ್ನು ಒತ್ತಿ ಯೋಜನೆಯನ್ನು ಆರಿಸಿ ಹೆಸರನ್ನು ದಾಖಲಿಸಿ’ ಎಂಬ ವಾಕ್ಯದಲ್ಲಿ ಆಜ್ಞೆಗಳು ಮೂರೋ, ಒಂದೋ? ಮಾತಿನಲ್ಲಿ ಧ್ವನಿಯ ಏರಿಳಿತ ಇದನ್ನು ಬಿಡಿಸುತ್ತದೆ, ಬರೆಹದಲ್ಲಿ ಬಿಡಿಸುವುದಿಲ್ಲ. ಸರಪಳಿಯಂತೆ ಸಾಗುವ ಇಂತಹ ವಾಕ್ಯ ಕಥನಕ್ಕೆ ಶೋಭೆ. ಕೈಪಿಡಿಯಲ್ಲಿ ಮಾತ್ರ ಅದು ನಡುವಿನ ಹಂತವನ್ನು ಮರೆಮಾಡುತ್ತದೆ. ‘ಒತ್ತಿರಿ’, ‘ಆರಿಸಿರಿ’, ‘ದಾಖಲಿಸಿರಿ’ ಎಂಬ ಪೂರ್ಣರೂಪಗಳನ್ನು ಬಳಸಿ, ಒಂದು ವಾಕ್ಯಕ್ಕೆ ಒಂದೇ ಕ್ರಿಯೆ ಇರಿಸಿದರೆ ಸಂದಿಗ್ಧ ಕಳೆಯುತ್ತದೆ. ಹಳೆಯದೆಂದು ಪತ್ರಿಕೆಗಳು ಕೈಬಿಟ್ಟಿರುವ ‘-ಇರಿ’ ಪ್ರತ್ಯಯಕ್ಕೆ ಇಲ್ಲಿ ನಿಜವಾದ ಉಪಯೋಗವಿದೆ. ಇನ್ನೊಂದೆಡೆ ಕನ್ನಡದ ವಾಕ್ಯರಚನೆ ಕೈಪಿಡಿಗೆ ಅನುಕೂಲವೇ ಆಗಿದೆ. ಪಕ್ಷಾರ್ಥಕದ ‘ಹೀಗಾದರೆ’ ಎಂಬುದು ಸಹಜವಾಗಿ ಮೊದಲು ಬಂದು ಕ್ರಿಯೆ ಕೊನೆಗೆ ಬರುವುದರಿಂದ, ಷರತ್ತನ್ನು ಓದುವ ಮೊದಲೇ ಗುಂಡಿ ಒತ್ತಿಬಿಡುವ ಅಪಾಯ ಕಡಿಮೆ.

ಇದಕ್ಕಿಂತ ಗಂಭೀರವಾದುದು ‘ನಿಲ್ಲಿಸು’ ಎಂಬ ಒಂದೇ ಪದದ ಸಮಸ್ಯೆ. ಬೋಯಿಂಕ್‌ನಲ್ಲಿ ಕೆಲಸವನ್ನು ನಿಲ್ಲಿಸುವ ಬಗೆಗಳು ಹಲವು. ‘ಸಸ್ಪೆಂಡ್’ ಎಂದರೆ ಸದ್ಯಕ್ಕೆ ತಡೆಹಿಡಿಯುವುದು. ಮುಂದೆ ಉಳಿಸಿಕೊಂಡ ಹಂತದಿಂದ ಮುಂದುವರಿಸಬಹುದು. ‘ಸ್ನೂಜ್’ ಎಂದರೆ ಒಂದು ಗಂಟೆಯ ವಿರಾಮ. ‘ನೋ ನ್ಯೂ ಟಾಸ್ಕ್ಸ್’ ಎಂದರೆ ಕೈಯಲ್ಲಿರುವುದನ್ನು ಮುಗಿಸುವುದು, ಹೊಸತನ್ನು ತರದಿರುವುದು. ‘ಅಬಾರ್ಟ್’ ಎಂದರೆ ಆ ತುಂಡನ್ನು ಕೈಬಿಡುವುದು. ಅದುವರೆಗಿನ ಲೆಕ್ಕವೆಲ್ಲ ವ್ಯರ್ಥ. ‘ರೀಸೆಟ್’ ಯೋಜನೆಯ ಎಲ್ಲ ತುಂಡುಗಳನ್ನೂ ಅಳಿಸಿ ಮೊದಲಿನಿಂದ ತೊಡಗುತ್ತದೆ. ‘ರಿಮೂವ್’ ಯೋಜನೆಯಿಂದಲೇ ಹೊರತರುತ್ತದೆ. ಹವಾಮಾನ ಮಾದರಿಯ ಒಂದು ತುಂಡು ವಾರಗಟ್ಟಲೆ ಓಡಬಲ್ಲದು. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ‘ನಿಲ್ಲಿಸಿ’ ಎಂದೇ ಬರೆದರೆ, ಹತ್ತು ನಿಮಿಷ ಗಣಕ ಬೇಕಾಗಿದ್ದವರು ಹದಿನೈದು ದಿನಗಳ ದುಡಿಮೆಯನ್ನು ಕಳೆದುಕೊಳ್ಳುತ್ತಾರೆ. ‘ಸಸ್ಪೆಂಡ್’ಗೆ ‘ಅಮಾನತು’ ಎಂಬ ಸಿದ್ಧ ಪದವಿದೆಯಾದರೂ, ಸರ್ಕಾರಿ ನೌಕರರು ಹೆಚ್ಚಿರುವ ಜಿಲ್ಲಾಕೇಂದ್ರದಲ್ಲಿ ಅದು ಬೇರೆಯೇ ನೆನಪುಗಳನ್ನು ತರುತ್ತದೆ. ತಡೆಹಿಡಿ, ವಿರಮಿಸು, ಹೊಸ ಕೆಲಸ ಬೇಡ, ಕೈಬಿಡು, ಮೊದಲಿನಿಂದ ತೊಡಗು, ಹೊರಬಾ ಎಂಬ ಆರನ್ನು ಬೇರೆಬೇರೆಯಾಗಿಯೇ ಉಳಿಸಿಕೊಳ್ಳುವುದು ಸೂಕ್ತ. ತೆರೆಯ ಮೇಲೆ ಕಾಣುವ ಪದ ಇಂಗ್ಲಿಷಿನದಾಗಿದ್ದರೆ ಅದನ್ನೂ ಜೊತೆಗಿಡಬೇಕು. ಇಲ್ಲವಾದರೆ ಓದುಗರು ಗುಂಡಿಯನ್ನು ಹುಡುಕಲಾರರು.

ಇಂತಹ ವ್ಯತ್ಯಾಸಗಳು ಭಾಷಾತಜ್ಞರೊಬ್ಬರಿಗೇ ಹೊಳೆಯುವುದಿಲ್ಲ, ತಂತ್ರಜ್ಞರೊಬ್ಬರಿಗೇ ಕಾಣುವುದೂ ಇಲ್ಲ. ಆದುದರಿಂದ ಕೈಪಿಡಿಯು ಸಹಬರೆವಣಿಗೆಯನ್ನೇ ಬೇಡುತ್ತದೆ. ತಂತ್ರಾಂಶವನ್ನು ನಡೆಸಿ ಬಲ್ಲವರು, ನುಡಿಯ ನಡೆಯನ್ನು ಬಲ್ಲವರು ಮತ್ತು ಎರಡರಲ್ಲೂ ಪರಿಣತರಲ್ಲದ ಮೊದಲ ಓದುಗರು ಹೀಗೆ ಮೂವರು ಬೇಕು. ಮೂರನೆಯವರ ಪಾತ್ರವೇ ಹಿರಿದು: ಅವರು ಕೈಪಿಡಿಯನ್ನು ಓದುತ್ತ ಗಣಕದ ಮುಂದೆ ಕುಳಿತಾಗ ಬರೆದವರು ಬಾಯಿ ತೆರೆಯಬಾರದು, ಅವರು ತಡೆದು ನಿಂತ ಕಡೆಯೇ ತಿದ್ದಬೇಕಾದ ವಾಕ್ಯ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ ಅಂತರ ಸುಮಾರು 20 ಕಿ.ಮೀ. ಮಾತ್ರ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದ ಆವರಣವು ಭದ್ರಾವತಿ ತಾಲ್ಲೂಕಿನಲ್ಲಿದ್ದು, ಕನ್ನಡ ಭಾರತಿಯೂ ಗಣಕವಿಜ್ಞಾನದ ಅಧ್ಯಯನವೂ ಅಲ್ಲಿ ಜೊತೆಯಲ್ಲಿವೆ. ಮೊದಲ ಓದುಗರಿಗಂತೂ ಎರಡೂ ಊರುಗಳಲ್ಲಿ ಕೊರತೆಯಿಲ್ಲ.

ಮೊದಲ ಓದುಗರು ಇಂಗ್ಲಿಷ್ ಮೂಲದಲ್ಲಿಲ್ಲದ ಪ್ರಶ್ನೆಗಳನ್ನು ತರುತ್ತಾರೆ. ಅವುಗಳಲ್ಲಿ ಮೊದಲನೆಯದು ವಿದ್ಯುತ್ತಿನದು. ದುಡಿಮೆಯಲ್ಲಿರುವ ಮೇಜುಗಣಕ 100 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ, ಹಗಲಿರುಳು ಓಡಿದಾಗ ದಿನಕ್ಕೆ 2.4 ಯೂನಿಟ್, 30 ದಿನಗಳಿಗೆ 72 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಯ ಉಚಿತ ಮಿತಿ ಅದರ ಹಿಂದಿನ ಸರಾಸರಿ ಬಳಕೆಯನ್ನು ಅವಲಂಬಿಸಿದೆ. ಆ ಮಿತಿ ದಾಟಿದರೆ ಹೆಚ್ಚುವರಿಗೆ, ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಳಕೆಗೆ ಹಣ ತೆರಬೇಕು. 140 ಯೂನಿಟ್ ಬಳಸುತ್ತಿದ್ದ ಮನೆ 212ಕ್ಕೆ ಏರಿದಾಗ ಮೆಸ್ಕಾಂ ಬಿಲ್ಲು ಬಂದೇ ಬರುತ್ತದೆ. ಇದನ್ನು ಮೊದಲ ಪುಟದಲ್ಲಿಯೇ ಹೇಳದ ಕೈಪಿಡಿ ಪ್ರಾಮಾಣಿಕವಲ್ಲ. ಎರಡನೆಯದು ಮಳೆಗಾಲದ ವಿದ್ಯುತ್ ಕಡಿತ. ‘ಬ್ಯಾಟರಿಯ ಮೇಲಿದ್ದಾಗ ತಡೆಹಿಡಿ’ ಎಂಬ ಹೊಂದಿಕೆ ಮಡಿಲುಗಣಕದ ಬ್ಯಾಟರಿಯನ್ನು ಗುರುತಿಸುತ್ತದೆಯೇ ಹೊರತು ಮನೆಯ ಇನ್ವರ್ಟರನ್ನು ಗುರುತಿಸುವುದಿಲ್ಲ. ಇನ್ವರ್ಟರಿಗೆ ಜೋಡಿಸಿದ ಮೇಜುಗಣಕ ಕತ್ತಲೆಯಲ್ಲೂ ದುಡಿಯುತ್ತಲೇ ಇದ್ದು, ದೀಪಕ್ಕಾಗಿ ಇಟ್ಟ ವಿದ್ಯುತ್ತನ್ನು ತಿಂದು ಮುಗಿಸುತ್ತದೆ. ಕೈಯಿಂದಲೇ ತಡೆಹಿಡಿಯಬೇಕೆಂದು ಹೇಳಲು ಒಂದು ಸಾಲು ಸಾಕು.

ಕಾಲೇಜಿನ ಗಣಕ ಪ್ರಯೋಗಾಲಯದ ವಿಷಯ ಬೇರೆ. ಅಲ್ಲಿನ ಯಂತ್ರ ಅಧ್ಯಾಪಕರದೂ ಅಲ್ಲ, ವಿದ್ಯಾರ್ಥಿಗಳದೂ ಅಲ್ಲ. ಅಮೆರಿಕದ ಜಾರ್ಜಿಯಾದ ತಾಂತ್ರಿಕ ಕಾಲೇಜೊಂದರ ಗಣಕಗಳಲ್ಲಿ ಇಂತಹ ತಂತ್ರಾಂಶವನ್ನು ನೆಲೆಗೊಳಿಸಿದ್ದ ನೌಕರರೊಬ್ಬರು ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಯಿತು. 2002ರಲ್ಲಿ ಅದು ದಂಡ ಮತ್ತು ಸಮಾಜಸೇವೆಯ ಷರತ್ತಿನೊಂದಿಗೆ ಮುಗಿಯಿತು. ಪ್ರಾಂಶುಪಾಲರ ಲಿಖಿತ ಅನುಮತಿ ಎಂಬುದು ಕೈಪಿಡಿಯಲ್ಲಿ ಒಂದು ಹಂತವಾಗಿಯೇ ಬರಬೇಕು, ಅಡಿಟಿಪ್ಪಣಿಯಾಗಿ ಅಲ್ಲ.

ಕೈಪಿಡಿಗೆ ಆಯುಷ್ಯವೂ ಕಡಿಮೆ. ಸೆಟಿ ಅಟ್ ಹೋಮ್ 2020ರ ಮಾರ್ಚ್ 31ರಿಂದ ಹೊಸ ತುಂಡುಗಳನ್ನು ಹಂಚುವುದನ್ನು ನಿಲ್ಲಿಸಿತು. ಐಬಿಎಂ 2004ರಲ್ಲಿ ತೊಡಗಿದ ‘ವರ್ಲ್ಡ್ ಕಮ್ಯುನಿಟಿ ಗ್ರಿಡ್’ 2021ರಲ್ಲಿ ಟೊರಾಂಟೊದ ಸಂಸ್ಥೆಯೊಂದಕ್ಕೆ ವರ್ಗವಾಯಿತು. ಒಮ್ಮೆ ಅಚ್ಚಾದ ಪುಸ್ತಿಕೆ ಇವನ್ನು ಹಿಂಬಾಲಿಸಲಾರದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿರುವಂತೆ, ಯಾರು ಯಾವಾಗ ಏನು ತಿದ್ದಿದರೆಂಬುದು ಉಳಿಯುವ ಏರ್ಪಾಡು ಇದಕ್ಕೆ ಒಪ್ಪುತ್ತದೆ. ಅದಕ್ಕೂ ಮೊದಲು ಎಲ್ಲರೂ ಯುನಿಕೋಡ್‌ನಲ್ಲಿಯೇ ಬರೆಯುವುದೆಂದು ಒಪ್ಪಿಕೊಳ್ಳಬೇಕು. ಒಬ್ಬರು ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ, ಇನ್ನೊಬ್ಬರು ಯುನಿಕೋಡ್‌ನಲ್ಲಿ ತಿದ್ದಿದ ಕರಡು, ಮೂರನೆಯವರ ತೆರೆಯ ಮೇಲೆ ಅರ್ಧ ಕನ್ನಡವಾಗಿಯೂ ಅರ್ಧ ರೋಮನ್ ಅಕ್ಷರಗಳ ರಾಶಿಯಾಗಿಯೂ ತೆರೆದುಕೊಳ್ಳುತ್ತದೆ.