ಹರಿಗೋಲಿನಲ್ಲಿ ಹೊಳೆ ದಾಟುವ ಮುನ್ನ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ದಂಡೆಯಲ್ಲಿರುವ ಎಷ್ಟೋ ರೈತರಿಗೆ ಮನೆ ಒಂದು ದಡದಲ್ಲಿ, ಹೊಲ ಇನ್ನೊಂದು ದಡದಲ್ಲಿ. ಕೃಷ್ಣೆಯ ನಡುಗಡ್ಡೆಗಳಲ್ಲಿ ಬೇಸಾಯ ಮಾಡುವವರಿಗಂತೂ ಬೀಜ, ಗೊಬ್ಬರ, ಉಪ್ಪು, ಔಷಧಿ ಎಲ್ಲವೂ ನೀರಿನ ಮೇಲೆಯೇ ಬರಬೇಕು. ಈ ಭಾಗದಲ್ಲಿ ಅವರಿಗೆ ಒದಗುವ ವಾಹನ ಹರಿಗೋಲು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆಯುಳ್ಳ ಈ ದುಂಡನೆಯ ದೋಣಿಗಳನ್ನು ಕಂಡು ಬರೆದಿದ್ದಾನೆ. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಆಕಾರವೂ ಗುಣವೂ ಬದಲಾಗಿಲ್ಲ.

ಹರಿಗೋಲು ಅಗ್ಗ, ಹಗುರ, ಒಂದು ಮೊಳ ನೀರಿನಲ್ಲೂ ತೇಲಬಲ್ಲದು. ಆದರೆ ಅದಕ್ಕೆ ಮುಂದು ಹಿಂದು ಇಲ್ಲ, ಅಡಿಯಲ್ಲಿ ನೀರನ್ನು ಸೀಳುವ ಏಣೂ ಇಲ್ಲ. ಸೆಳವು ಎಳೆದತ್ತ ಅದು ತಿರುಗುತ್ತದೆ. ಆದ್ದರಿಂದ ಹರಿಗೋಲಿನಲ್ಲಿ ಹೋಗುವವರ ಕ್ಷೇಮ ಬಹುಮಟ್ಟಿಗೆ ದಡದಲ್ಲಿಯೇ ನಿಶ್ಚಯವಾಗುತ್ತದೆ. ಎಷ್ಟು ಹೊರೆ ಹೇರಬೇಕು, ನೀರು ದಾಟಲು ಯೋಗ್ಯವೇ, ಇಂದು ದಾಟಲೇಬೇಕೇ ಎಂಬ ಮೂರು ಪ್ರಶ್ನೆಗಳಿಗೆ ಹುಟ್ಟು ಹಾಕುವ ಮೊದಲೇ ಉತ್ತರ ಕಂಡುಕೊಳ್ಳಬೇಕು.

ಹೊರೆಯ ಲೆಕ್ಕ

ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಸರಿಸುತ್ತದೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ೮ ಅಡಿ ಅಗಲದ ಹರಿಗೋಲನ್ನು ಒಂದು ಸೆಂಟಿಮೀಟರು ತಗ್ಗಿಸಲು ಹೆಚ್ಚೆಂದರೆ ೪೭ ಕಿಲೋಗ್ರಾಂ ಸಾಕು. ಇಂದಿನ ಒಂದು ಯೂರಿಯಾ ಚೀಲದ ತೂಕವೂ ಹೆಚ್ಚುಕಡಿಮೆ ಅಷ್ಟೇ, ೪೫ ಕಿಲೋಗ್ರಾಂ. ಎಂದರೆ ಒಂದು ಚೀಲಕ್ಕೆ ಒಂದು ಸೆಂಟಿಮೀಟರು ಎಂದು ನೆನಪಿಡಿ. ಹರಿಗೋಲಿನ ತಳ ಬಟ್ಟಲಿನಂತೆ ಕಿರಿದಾಗಿರುವುದರಿಂದ ನಿಜವಾಗಿ ಅದು ಇನ್ನೂ ಹೆಚ್ಚು ತಗ್ಗುತ್ತದೆ. ೬೦ ಕಿಲೋಗ್ರಾಂ ತೂಗುವ ಹತ್ತು ಜನರು ಮತ್ತು ಎಂಟು ಚೀಲ ಸೇರಿದರೆ ೯೬೦ ಕಿಲೋಗ್ರಾಂ ಆಯಿತು. ಅದು ೨೦ ಸೆಂಟಿಮೀಟರಿಗೂ ಮಿಕ್ಕಿ ತಗ್ಗುವುದು ಖಂಡಿತ.

ಹೊರೆ ಹೇರಿದ ಮೇಲೆ ದಡದ ನಿಂತ ನೀರಿನಲ್ಲಿ ಹರಿಗೋಲನ್ನು ನಿಲ್ಲಿಸಿ, ನೀರಿನ ಮಟ್ಟದಿಂದ ಅಂಚಿನವರೆಗೆ ಗೇಣು ಹಾಕಿ ಅಳೆಯಿರಿ. ಒಂದೂವರೆ ಗೇಣು, ಎಂದರೆ ಒಂದು ಅಡಿಗೂ ತುಸು ಹೆಚ್ಚು, ಉಳಿದಿರಬೇಕು. ಉಳಿಯದಿದ್ದರೆ ಚೀಲ ಇಳಿಸಿ ಎರಡನೆಯ ಸಲ ಒಯ್ಯಿರಿ. ಈ ಮಟ್ಟದಲ್ಲಿ ಹೊರಮೈಗೆ ಸುತ್ತಲೂ ಬಿಳಿ ಬಣ್ಣದ ಗೆರೆ ಎಳೆದಿಟ್ಟರೆ ಪ್ರತಿಸಲ ಅಳೆಯುವ ಕೆಲಸ ತಪ್ಪುತ್ತದೆ. ಗೆರೆ ಮುಳುಗಿದರೆ ಹೊರಡಕೂಡದು. ಸಂತೆಯ ದಿನ, ಜಾತ್ರೆಯ ದಿನ ಕೂಡ ಇದೇ ನಿಯಮ. ೨೦೨೦ರ ಆಗಸ್ಟ್ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಕುರ್ವಕುಲಾ ಬಳಿ ಕೃಷ್ಣೆಯಲ್ಲಿ ಜನರಿದ್ದ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಮಳೆಗಾಲದ ತುಂಬು ಹೊಳೆಯಲ್ಲಿ ಇಂತಹ ಅಪಾಯ ಸದಾ ಇದ್ದೇ ಇದೆ.

ಹೊರೆ ಹೇರುವಾಗ ಈ ಕೆಳಗಿನ ಅಂಶಗಳನ್ನು ಗಮನಿಸಿ:

೧. ಚೀಲಗಳನ್ನು ತಳದ ನಡುವೆ ಒತ್ತಾಗಿ ಇಡಿ. ಚೀಲದ ಮೇಲೆ ಜನ ಕೂಡಬಾರದು. ಭಾರ ಮೇಲಕ್ಕೇರಿದಷ್ಟೂ ಹರಿಗೋಲು ಬೇಗ ವಾಲುತ್ತದೆ.

೨. ಜನರು ಸುತ್ತಲೂ ಸಮನಾಗಿ, ತಳದಲ್ಲಿ ಕುಳಿತಿರಬೇಕು. ದಡ ಮುಟ್ಟಿದೊಡನೆ ಎಲ್ಲರೂ ಒಂದೇ ಬದಿಗೆ ಏಳುವುದು ಅಪಾಯಕರ. ಅಂಬಿಗ ಹೇಳಿದ ಮೇಲೆ ಒಬ್ಬೊಬ್ಬರಾಗಿ ಇಳಿಯಿರಿ.

೩. ತಳದಲ್ಲಿ ಸೇರಿದ ನೀರನ್ನು ಕೂಡಲೇ ಮೊಗೆದು ಚೆಲ್ಲಿ. ಒಂದು ಸೆಂಟಿಮೀಟರು ನೀರು ಒಂದು ಚೀಲ ಗೊಬ್ಬರಕ್ಕೆ ಹತ್ತಿರದ ಭಾರ. ಮೇಲಾಗಿ ಅದು ಹರಿಗೋಲು ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ.

೪. ಔಷಧಿ ಸಿಂಪಡಿಸುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಕೂಡಬೇಡಿ. ಅದನ್ನು ಖಾಲಿ ಮಾಡಿ, ಮುಚ್ಚಳ ಬಿಗಿದು ತಳದಲ್ಲಿಡಿ.

೫. ದನಕರುಗಳನ್ನು ಜನರೊಡನೆ ಒಯ್ಯಬೇಡಿ. ಒಂದು ಎತ್ತು ಬೆದರಿ ಕಾಲು ಕಿತ್ತರೆ ಅಂಬಿಗನ ಯಾವ ಜಾಣ್ಮೆಯೂ ನಡೆಯದು.

ನೀರನ್ನು ಓದುವ ಬಗೆ

ಹೊರಡುವ ಮೊದಲು ದಡದಲ್ಲಿ ೨೦ ಮೀಟರು ದೂರವನ್ನು ಅಳೆದು ಎರಡು ಗೂಟ ನೆಡಿ. ಒಣಗಿದ ಜೋಳದ ದಂಟಿನ ತುಂಡೊಂದನ್ನು ಹರಿವಿಗೆ ಎಸೆದು, ಅದು ಒಂದು ಗೂಟದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. ೨೦ ಸೆಕೆಂಡು ಹಿಡಿದರೆ ಸೆಳವು ಸೆಕೆಂಡಿಗೆ ಒಂದು ಮೀಟರು. ನಿಮ್ಮ ಹರಿಗೋಲು ಅಡ್ಡಲಾಗಿ ಸೆಕೆಂಡಿಗೆ ಅರ್ಧ ಮೀಟರು ಸಾಗುವುದಾದರೆ, ೨೦೦ ಮೀಟರು ಅಗಲದ ಹೊಳೆ ದಾಟಲು ೪೦೦ ಸೆಕೆಂಡು ಬೇಕು. ಅಷ್ಟರಲ್ಲಿ ನೀವು ೪೦೦ ಮೀಟರು ಕೆಳಗೆ ಹೋಗಿರುತ್ತೀರಿ. ಆದ್ದರಿಂದ ಮೊದಲು ದಡದ ನಿಧಾನ ನೀರಿನಲ್ಲಿ ಹರಿಗೋಲನ್ನು ಅಷ್ಟು ದೂರ ಮೇಲಕ್ಕೆ ಎಳೆದೊಯ್ದು ಅಲ್ಲಿಂದ ಹೊರಡಬೇಕು. ದಂಟು ನಿಮ್ಮ ನಡಿಗೆಗಿಂತ ವೇಗವಾಗಿ ಹೋದರೆ ಅಂದು ಹರಿಗೋಲು ಇಳಿಸಲೇಬೇಡಿ. ಸೆಳವು ಇಮ್ಮಡಿಯಾದರೆ ನೀರು ದೂಡುವ ಬಲ ನಾಲ್ಕು ಮಡಿಯಾಗುತ್ತದೆ.

ಹೊಳೆ ತಿರುಗುವಲ್ಲಿ ಹೊರದಂಡೆಯ ಕಡೆ ಸೆಳವೂ ಆಳವೂ ಹೆಚ್ಚು. ಒಳದಂಡೆಯ ಕಡೆ ಮರಳು ಕೂತು ನೀರು ನಿಧಾನ. ಇಳಿಯಲು ಒಳದಂಡೆಯೇ ಮೇಲು. ನೀರಿನ ಮೇಲೆ ಬಾಣದ ಮೊನೆಯಂತಹ ಗೆರೆ ಮೂಡಿ, ಮೊನೆ ಮೇಲ್ದಿಕ್ಕಿಗೆ ಇದ್ದರೆ ಅಲ್ಲಿ ಬಂಡೆಯಿದೆಯೆಂದು ತಿಳಿಯಿರಿ. ಮೊನೆ ಕೆಳಮುಖವಾಗಿದ್ದರೆ ಅದು ಎರಡು ಬಂಡೆಗಳ ನಡುವಿನ ದಾರಿ. ಬಾಂದಾರ ಅಥವಾ ಬ್ಯಾರೇಜಿನ ಹತ್ತಿರ ಮೇಲ್ಬದಿಗೂ ಕೆಳಬದಿಗೂ ಹೋಗಬೇಡಿ. ಮೇಲಿಂದ ಬೀಳುವ ನೀರು ಬುಡದಲ್ಲಿ ಸುರುಳಿ ಸುತ್ತುತ್ತದೆ. ಅದರಲ್ಲಿ ಸಿಕ್ಕವನನ್ನು ಮತ್ತೆ ಮತ್ತೆ ಒಳಕ್ಕೆಳೆಯುತ್ತದೆ. ಹೊಳೆಗೆ ಅಡ್ಡಲಾಗಿ ವಿದ್ಯುತ್ ತಂತಿ ಹಾದಿರುವಲ್ಲಿ ಜಲ್ಲೆಯನ್ನು ಎತ್ತಬೇಡಿ. ನೀರು ಏರಿದಂತೆ ತಂತಿ ಹತ್ತಿರವಾಗುತ್ತದೆ.

ಅಣೆಕಟ್ಟುಗಳ ಹಿನ್ನೀರಿನಲ್ಲಿ ಸೆಳವು ಕಾಣದಿದ್ದರೂ ಗಾಳಿಯ ಭಯವಿದೆ. ಬಯಲು ನೀರಿನ ಮೇಲೆ ಗಾಳಿ ಬೀಸಿದರೆ ಅಲೆಗಳು ಹರಿಗೋಲಿನ ಅಂಚು ದಾಟುತ್ತವೆ. ಮುಂಗಾರಿನ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ಬೆಳಗಿನ ಹೊತ್ತೇ ದಾಟಿಕೊಳ್ಳುವುದು ಲೇಸು. ಮುಳುಗಡೆಯಾದ ಮರದ ಬೊಡ್ಡೆಗಳು ತಳವನ್ನು ಸೀಳಬಹುದಾದ್ದರಿಂದ ಬಳಕೆಯ ದಾರಿ ಬಿಟ್ಟು ಹೋಗಬಾರದು.

ಮೇಲಿನಿಂದ ಬರುವ ನೀರು

ನಿಮ್ಮೂರಿನಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಏರಬಹುದು. ಆಲಮಟ್ಟಿ, ನಾರಾಯಣಪುರ ಇಲ್ಲವೆ ತುಂಗಭದ್ರಾ ಜಲಾಶಯದಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ಕೆಲವು ಗಂಟೆಗಳ ನಂತರ ಮುಟ್ಟುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು ೨೮ ಲೀಟರು. ಒಂದು ಲಕ್ಷ ಕ್ಯೂಸೆಕ್ ಎಂದು ಆಕಾಶವಾಣಿಯಲ್ಲಿ ಕೇಳಿದರೆ ಸೆಕೆಂಡಿಗೆ ೨೮ ಲಕ್ಷ ಲೀಟರು ನಿಮ್ಮತ್ತ ಹೊರಟಿದೆಯೆಂದು ಅರ್ಥ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಯಾರೂ ಗೇಟು ತೆರೆಯದೆಯೇ ನೀರು ನುಗ್ಗಿತು. ಆದ್ದರಿಂದ ಡಂಗುರವನ್ನೂ ಮೊಬೈಲ್ ಸಂದೇಶವನ್ನೂ ಮಾತ್ರ ನಂಬಿ ಕೂಡದೆ, ದಡದಲ್ಲಿ ಗುರುತಿನ ಕಲ್ಲೊಂದನ್ನು ಇಟ್ಟು ನೋಡುತ್ತಿರಿ. ಕಲ್ಲು ಮುಳುಗುತ್ತಾ ಬಂದರೆ, ನೀರು ಕೆಂಪಾದರೆ, ಕಸಕಡ್ಡಿ, ಟೊಂಗೆಗಳು ತೇಲಿ ಬರತೊಡಗಿದರೆ ಹೊಳೆ ಏರುತ್ತಿದೆ. ಆಗ ಹರಿಗೋಲನ್ನು ದಡದ ಮೇಲಕ್ಕೆ ಎಳೆದು ಕವುಚಿ ಹಾಕಿ.

ಪ್ರವಾಹದಲ್ಲಿ ಪಂಪುಸೆಟ್ಟು ಉಳಿಸಲು ಹೋಗಿ ಪ್ರಾಣ ಕಳೆದುಕೊಳ್ಳುವುದು ಬಹಳ ದುಃಖದ ಸಂಗತಿ. ಪಂಪು ಮತ್ತೆ ಕೊಳ್ಳಬಹುದು. ಜೂನ್ ತಿಂಗಳ ನಡುಭಾಗದೊಳಗೇ ಮೋಟಾರನ್ನು ಎತ್ತರದ ಜಾಗಕ್ಕೆ ಸಾಗಿಸಿ. ನೀರು ಆವರಿಸಿದ ಸ್ಟಾರ್ಟರು, ವೈರುಗಳನ್ನು ಮುಟ್ಟದೆ ವಿದ್ಯುತ್ ಇಲಾಖೆಯವರಿಗೆ ತಿಳಿಸಿ.

ದಾಟದಿರಲು ಸಿದ್ಧತೆ

ಮಳೆಗಾಲದಲ್ಲಿ ದಾಟುವ ಅಗತ್ಯವನ್ನೇ ಕಡಿಮೆ ಮಾಡುವುದು ಎಲ್ಲಕ್ಕಿಂತ ಉತ್ತಮ ಉಪಾಯ. ನಡುಗಡ್ಡೆಯ ರೈತರು ಮುಂಗಾರಿಗೆ ಬೇಕಾದ ಬೀಜ, ಗೊಬ್ಬರ, ಒಂದು ತಿಂಗಳ ದವಸ, ದನಗಳ ಮೇವು ಹಾಗೂ ಮಾಮೂಲು ಔಷಧಿಗಳನ್ನು ಮಳೆಗಾಲಕ್ಕೆ ಮೊದಲೇ ಸೇರಿಸಿಕೊಳ್ಳಬೇಕು. ತುಂಬು ಗರ್ಭಿಣಿಯರನ್ನು, ಕಾಯಿಲೆಯವರನ್ನು ಆಸ್ಪತ್ರೆಯಿರುವ ಊರಿಗೆ ಮುಂಚಿತವಾಗಿ ಕಳಿಸಬೇಕು. ೨೦೧೩ರಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆಗಳನ್ನು ಕಟ್ಟಿಕೊಂಡು ಉಕ್ಕಿದ ಕೃಷ್ಣೆಯನ್ನು ಈಜಿ ದಾಟಬೇಕಾಯಿತು. ಆ ತಾಯಿಯ ಧೈರ್ಯ ದೊಡ್ಡದು. ಆದರೆ ಅಂತಹ ಧೈರ್ಯ ತೋರಬೇಕಾದ ದಿನ ಯಾರಿಗೂ ಬರಬಾರದು.

ಮಗುಚಿದರೆ

ಪ್ರತಿಯೊಬ್ಬರೂ ಜೀವರಕ್ಷಕ ಜಾಕೀಟನ್ನು ತೊಟ್ಟು ಪಟ್ಟಿ ಬಿಗಿದಿರಬೇಕು. ಅದನ್ನು ಪಕ್ಕದಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ. ಇದಕ್ಕೆ ಸಮನಾದ ಬದಲಿ ಇಲ್ಲವಾದರೂ, ಮುಚ್ಚಳ ಬಿಗಿದ ೧೦ ಲೀಟರಿನ ಖಾಲಿ ಎಣ್ಣೆ ಡಬ್ಬಿ ಸುಮಾರು ೧೦ ಕಿಲೋಗ್ರಾಂ ಭಾರವನ್ನು ಎತ್ತಿಹಿಡಿಯುತ್ತದೆ. ತಲೆ ನೀರಿನ ಮೇಲಿರಲು ಇಷ್ಟು ಆಧಾರ ಸಾಕು. ಆದ್ದರಿಂದ ಅಂತಹ ಡಬ್ಬಿಗಳನ್ನೂ ೨೦ ಮೀಟರು ಹಗ್ಗವನ್ನೂ ಸದಾ ಹರಿಗೋಲಿನಲ್ಲಿಡಿ. ಕೀಟನಾಶಕದ ಡಬ್ಬಿಗಳನ್ನು ಇದಕ್ಕೆ ಬಳಸಬೇಡಿ.

ನೀರಿಗೆ ಬಿದ್ದರೆ ಹರಿಗೋಲನ್ನು ಬಿಡಬೇಡಿ. ಬಿದಿರಿನದಾದ್ದರಿಂದ ಅದು ಮಗುಚಿದರೂ ಸಾಮಾನ್ಯವಾಗಿ ತೇಲುತ್ತದೆ. ಕೈತಪ್ಪಿದರೆ ಅಂಗಾತ ತೇಲುತ್ತ, ಕಾಲುಗಳನ್ನು ಹರಿವಿನ ಮುಂದಕ್ಕೆ ಚಾಚಿ, ಓರೆಯಾಗಿ ದಡದತ್ತ ಸರಿಯಿರಿ. ಸೆಳವಿಗೆ ಎದುರಾಗಿ ಈಜಿ ದಣಿಯಬೇಡಿ. ದಡದಲ್ಲಿರುವವರು ನೀರಿಗೆ ಹಾರದೆ ಜಲ್ಲೆ ಚಾಚಬೇಕು. ಹಗ್ಗ, ಡಬ್ಬಿ ಎಸೆಯಬೇಕು.

ಮೇಲೆತ್ತಿದವರ ಹೊಟ್ಟೆ ಅಮುಕುವುದು, ತಲೆಕೆಳಗೆ ಮಾಡಿ ತಿರುಗಿಸುವುದು ತಪ್ಪು. ಎಚ್ಚರವಿಲ್ಲದೆ, ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಬಾಯಿಂದ ಬಾಯಿಗೆ ಐದು ಸಲ ಉಸಿರು ಊದಿ. ಅನಂತರ ಎದೆಯ ನಡುವೆ ಎರಡು ಕೈಗಳಿಂದ ಸುಮಾರು ೫ ಸೆಂಟಿಮೀಟರು ತಗ್ಗುವಂತೆ, ನಿಮಿಷಕ್ಕೆ ೧೦೦ರಿಂದ ೧೨೦ರ ವೇಗದಲ್ಲಿ ೩೦ ಸಲ ಒತ್ತಿ, ಎರಡು ಸಲ ಊದಿ. ಉಸಿರು ಬರುವವರೆಗೆ ಅಥವಾ ಸಹಾಯ ಬರುವವರೆಗೆ ಹೀಗೆಯೇ ಮುಂದುವರಿಸಿ. ಇನ್ನೊಬ್ಬರು ೧೦೮ ಅಥವಾ ೧೧೨ಕ್ಕೆ ಕರೆ ಮಾಡಲಿ.

ಊರಿನ ಹೊಣೆ

೧೯೧೭ರ ಹಳೆಯ ಕಾಯಿದೆಯ ಬದಲಿಗೆ ಬಂದ ೨೦೨೧ರ ಒಳನಾಡು ಹಡಗುಗಳ ಕಾಯಿದೆಯಲ್ಲಿ ಯಂತ್ರವಿಲ್ಲದ ದೋಣಿಗಳ ಬಗೆಗೂ ಒಂದು ಅಧ್ಯಾಯವಿದೆ. ನಿಮ್ಮ ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ, ಕಡವಿನ ಪ್ರತಿ ಹರಿಗೋಲಿಗೂ ಒಂದು ಸಂಖ್ಯೆ ಮತ್ತು ಹೊರೆಯ ಮಿತಿಯನ್ನು ಬರೆಸಿರಿ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹೊದಿಕೆ ಬಿಚ್ಚಿ ಮುರಿದ ದಬ್ಬೆಗಳನ್ನು ಬದಲಿಸಿ, ಹೊಸದಾಗಿ ಡಾಂಬರು ಬಳಿಯಿರಿ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯಿದೆ. ದಾಟುವ ಮೊದಲಾದರೂ ಅವನ ಮಾತಿಗೆ ಬೆಲೆ ಕೊಡೋಣ. ಅಂಬಿಗ ಬೇಡವೆಂದ ದಿನ ಅವನನ್ನು ಒತ್ತಾಯಿಸುವುದು, ಹೆಚ್ಚು ಹಣದ ಆಸೆ ತೋರಿಸುವುದು ಸಲ್ಲದು. ರೈತ ಬಾಂಧವರೇ, ಹೊಲದ ಕೆಲಸ ಎರಡು ದಿನ ತಡವಾದರೆ ಇಳುವರಿಯಲ್ಲಿ ಸ್ವಲ್ಪ ಕಡಿಮೆಯಾದೀತು. ಮನೆಯ ದುಡಿಯುವ ಕೈ ಹೊಳೆಯ ಪಾಲಾದರೆ ಆ ನಷ್ಟವನ್ನು ಯಾವ ಬೆಳೆಯೂ ತುಂಬಿಕೊಡಲಾರದು.