ನಿಮಗಿದು ಗೊತ್ತೇ? ಬಣ್ಣ ಬಂದಲ್ಲೆಲ್ಲ ಸರೋಜಾದೇವಿ!

ಬಿ. ಸರೋಜಾದೇವಿ ಹುಟ್ಟಿದ್ದು 7 ಜನವರಿ 1938, ಬೆಂಗಳೂರಿನಲ್ಲಿ. ತಂದೆ ಭೈರಪ್ಪ ಪೊಲೀಸ್ ಇಲಾಖೆಯವರು. ಪೊಲೀಸರ ಮನೆಯ ಮಗಳು ಹದಿನೇಳಕ್ಕೆಲ್ಲ ನಾಯಕಿ! ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ (1955) ಅವರ ಮೊದಲ ಚಿತ್ರ.

ಮೂರೇ ವರ್ಷಕ್ಕೆ ತಮಿಳಿನ ಎಂ.ಜಿ.ಆರ್. ನಾಯಕಿ. ಎಂ.ಜಿ.ಆರ್. ಮೊದಲ ಬಾರಿಗೆ ನಿರ್ದೇಶಿಸಿದ ‘ನಾಡೋಡಿ ಮನ್ನನ್’ (1958) ಕಪ್ಪು ಬಿಳುಪಿನಲ್ಲಿ ಶುರುವಾಗಿ ಕೊನೆಯ ಭಾಗದಲ್ಲಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣದ ಭಾಗದ ನಾಯಕಿ ಯಾರು ಹೇಳಿ? ಇವರೇ!

ಅಷ್ಟಕ್ಕೇ ಮುಗಿಯಲಿಲ್ಲ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ (1964). ನಾಯಕ ಕಲ್ಯಾಣ್ ಕುಮಾರ್, ನಾಯಕಿ ಮತ್ತೆ ಸರೋಜಾದೇವಿ! ತೆಲುಗಿನಲ್ಲೂ ಅದೇ ಕಥೆ ಬಂತು. ಅಲ್ಲಿ ನಾಯಕ ನಾಗೇಶ್ವರರಾವ್, ನಾಯಕಿ ಮಾತ್ರ ಬದಲಾಗಲಿಲ್ಲ. ಬಳ್ಳಿಗಾವೆಯ ಕೇದಾರೇಶ್ವರನ ಗುಡಿ ನೋಡುತ್ತ ಬೆಳೆದ ಶಿಕಾರಿಪುರ, ಅಂಬ್ಲಿಗೊಳದ ಕಡೆಯವರಿಗೆ ಶಿಲ್ಪಿಯ ಕಥೆ ಹೊಸದೇನಲ್ಲ. ತೆರೆಯ ಮೇಲೆ ಅದಕ್ಕೆ ಬಣ್ಣ ಬಂದದ್ದು ಹೊಸದು!

ತಮಿಳು ಅಭಿಮಾನಿಗಳು ಅವರನ್ನು ಕರೆದದ್ದು ‘ಕನ್ನಡತ್ತು ಪೈಂಗಿಳಿ’ ಎಂದು. ಕನ್ನಡದ ಗಿಳಿಯಂತೆ! ಮದರಾಸಿನಲ್ಲಿ ಮೆರೆದರೂ ಹೆಸರಿನ ಜೊತೆ ಕನ್ನಡ ಉಳಿದೇ ಉಳಿಯಿತು. ಎಂಥ ಹೆಮ್ಮೆ!

1959ರಲ್ಲಿ ಹಿಂದಿಯ ‘ಪೈಗಾಮ್’. ದಿಲೀಪ್ ಕುಮಾರ್ ಚಿತ್ರ! ಕನ್ನಡ, ತಮಿಳು, ತೆಲುಗು, ಹಿಂದಿ, ನಾಲ್ಕೂ ಕಡೆ ನಾಯಕಿ.

1961 ನೆನಪಿಡಿ. ಆ ವರ್ಷ ಬಂದದ್ದು ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’! ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಮಲ್ಲಸರ್ಜ. ಇಂದಿಗೂ ಚೆನ್ನಮ್ಮ ಎಂದರೆ ಕನ್ನಡಿಗರ ಕಣ್ಣ ಮುಂದೆ ಬರುವುದು ಸರೋಜಾದೇವಿಯ ಮುಖ!

1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರೊಡನೆ ಮದುವೆ. ಮದುವೆಯಾದರೆ ನಾಯಕಿಯ ಕಾಲ ಮುಗಿಯಿತು ಎನ್ನುವ ಕಾಲ ಅದು. ಇವರದು ಮುಗಿಯಲೇ ಇಲ್ಲ! ‘ಮಲ್ಲಮ್ಮನ ಪವಾಡ’ (1969), ‘ಬಬ್ರುವಾಹನ’ (1977) ಎಲ್ಲ ಆಮೇಲಿನವೇ. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ.

‘ಯಾರಿವನು’ (1984) ಚಿತ್ರದಲ್ಲಿ ಇವರ ಜೊತೆ ರಾಜ್‌ಕುಮಾರ್ ಮಗ, ಬಾಲನಟ ಪುನೀತ್ ಇದ್ದ. ‘ನಟಸಾರ್ವಭೌಮ’ (2019) ಬಂದಾಗ ಅದೇ ಪುಟ್ಟ ಹುಡುಗ ನಾಯಕ! ಅಪ್ಪನ ನಾಯಕಿ ಮಗನ ಚಿತ್ರದಲ್ಲೂ ಬಂದರು.

ಇನ್ನೊಂದು ಕೇಳಿ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ತೀರಿಕೊಂಡಾಗ ಕಣ್ಣು ದಾನವಾದವು. 14 ಜುಲೈ 2025ರಂದು ಸರೋಜಾದೇವಿ ಹೋದಾಗ ಅವರ ಕಣ್ಣೂ ದಾನವಾದವು. ಮೂವರೂ!