ಒಂದು ಗಣಕದೊಳಗೆ ಮತ್ತೊಂದು ಗಣಕ

ಹೊಳಲ್ಕೆರೆಯಲ್ಲಿಯೋ ಹೊಸದುರ್ಗದಲ್ಲಿಯೋ ಇರುವ ಒಂದು ಮನೆಯನ್ನು ಭಾವಿಸಿಕೊಳ್ಳಿರಿ. ಆ ಮನೆಯ ಯಜಮಾನರು ಉಪಾಧ್ಯಾಯರಾಗಿದ್ದವರು. ಮನೆತನದ ವೃತ್ತಾಂತವನ್ನೆಲ್ಲ ‘ನುಡಿ’ ತಂತ್ರಾಂಶದಲ್ಲಿ ಬರೆದಿಟ್ಟು ಕಾಲವಾದರು. ವಿಂಡೋಸ್ 10ಕ್ಕೆ ಅದರ ನಿರ್ಮಾಪಕರು ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಲು, ಮಗನು ಗಣಕಕ್ಕೆ ಲಿನಕ್ಸನ್ನು ಹಾಕಿದನು. ತಾಯಿಯು ಕಡತವನ್ನು ತೆರೆದರೆ ಅಲ್ಲಿ ಕನ್ನಡವಿಲ್ಲ. ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು! ಹಳೆಯ ನುಡಿಯ ಅಕ್ಷರಗಳು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿ ಕುಳಿತಿರುವುದರಿಂದ, ಅದರ ಅಕ್ಷರಶೈಲಿಯಿಲ್ಲದೆಡೆಯಲ್ಲಿ ಹೀಗಾಗುವುದು ಸಹಜ. ಬರೆಹವು ನಾಶವಾಗಿಲ್ಲ, ಅದನ್ನು ಓದುವ ಕಣ್ಣು ಮಾತ್ರ ತಪ್ಪಿಹೋಗಿದೆ.

ಅಕ್ಷರಶೈಲಿಯನ್ನು ತಂದು ಸೇರಿಸಿದರೆ ಓದಲು ಬಂದೀತು. ಆದರೆ ತಿದ್ದಿ, ಯೂನಿಕೋಡಿಗೆ ಮಾರ್ಪಡಿಸುವುದಕ್ಕೆ ಕನ್ನಡ ಗಣಕ ಪರಿಷತ್ತಿನವರು ವಿಂಡೋಸಿಗಾಗಿ ರಚಿಸಿದ ಆ ತಂತ್ರಾಂಶವೇ ಅನುಕೂಲವಾದುದು. ಹೊಸ ಗಣಕವನ್ನು ಕೊಳ್ಳಬೇಕೇ? ಬೇಡ. ಇರುವ ಗಣಕದೊಳಗೆಯೇ ಮತ್ತೊಂದನ್ನು ಕಲ್ಪಿಸಬಹುದು. ಇದಕ್ಕೆ ಮಿಥ್ಯಾಯಂತ್ರವೆಂದು ಹೆಸರು.

ಈ ಉಪಾಯವು ಹೊಸದಲ್ಲ. ಐ.ಬಿ.ಎಂ. ಸಂಸ್ಥೆಯವರು 1960ರ ದಶಕದಲ್ಲಿಯೇ ಇದನ್ನು ಸಾಧಿಸಿದ್ದರು. 2003ರಲ್ಲಿ ಫಬ್ರೀಸ್ ಬೆಲಾರ್ಡ್ ಎಂಬವರು ಕೆಮು ಎಂಬ ತಂತ್ರಾಂಶವನ್ನು ಹೊರತಂದರು, 2007ರಲ್ಲಿ ಕೆ.ವಿ.ಎಂ. ಎಂಬ ಅಂಗವು ಲಿನಕ್ಸಿನ ತಿರುಳಿನಲ್ಲಿ ಸೇರಿತು. ಸಾಧನವೇನೋ ಸಿದ್ಧವಾಯಿತು, ಆದರೆ ಅದನ್ನು ನಡೆಸಲು ಕೊಡಬೇಕಾದ ಆಜ್ಞೆಗಳ ಉದ್ದವನ್ನು ಕಂಡು ಸಾಮಾನ್ಯರು ಹಿಂಜರಿಯುತ್ತಿದ್ದರು.

ಈ ತೊಡಕನ್ನು ಬಿಡಿಸಿದುದು, ಮಾರ್ಟಿನ್ ವಿಂಪ್ರೆಸ್ ಎಂಬವರು ಆರಂಭಿಸಿದ ‘ಕ್ವಿಕೆಮು’ ಎಂಬ ಆಜ್ಞಾಮಾಲೆ. ಅದರ ಜೊತೆಗಿರುವ ‘ಕ್ವಿಕ್‌ಗೆಟ್’ ಎಂಬುದಕ್ಕೆ ಬೇಕಾದ ವ್ಯವಸ್ಥೆಯ ಹೆಸರನ್ನೂ ಆವೃತ್ತಿಯನ್ನೂ ಹೇಳಿದರೆ, ಸ್ಥಾಪನೆಯ ಕಡತವನ್ನು ಇಳಿಸಿ, ಒಂದು ಸಣ್ಣ ವಿವರಪತ್ರವನ್ನು ತಾನೇ ಬರೆದಿಡುವುದು. ಆ ಪತ್ರವನ್ನು ಕ್ವಿಕೆಮುವಿಗೆ ತೋರಿಸಿದರೆ ಸಾಕು, ಒಳಯಂತ್ರವು ಕಿಟಕಿಯೊಂದರಲ್ಲಿ ಎದ್ದು ನಿಲ್ಲುವುದು. ವಿಂಡೋಸಿನ ಪರವಾನಗಿಯನ್ನು ಮಾತ್ರ ನಾವೇ ಒದಗಿಸತಕ್ಕದ್ದು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಹಿರಿಯೂರಿನ ವಾಣಿವಿಲಾಸ ಸಾಗರದ ನೀರು ಎಡದಂಡೆ ಬಲದಂಡೆ ನಾಲೆಗಳಿಗೆ ಹಂಚಿಹೋಗುವಂತೆ, ಇರುವ ಒಂದೇ ಸ್ಮೃತಿಯು ಎರಡು ಯಂತ್ರಗಳಿಗೂ ಹಂಚಿಹೋಗಬೇಕು. ಕ್ವಿಕೆಮು ಗಣಕದ ಶಕ್ತಿಯನ್ನು ನೋಡಿ ಪಾಲುಮಾಡುವುದಾದರೂ, 8 ಜಿ.ಬಿ.ಗಿಂತ ಕಡಮೆಯಿದ್ದಲ್ಲಿ ಇಕ್ಕಟ್ಟಾಗುವುದು. ಎರಡನೆಯದಾಗಿ, ಚಿತ್ರದುರ್ಗದ ಏಳು ಸುತ್ತಿನ ಕೋಟೆಗೂ ಒಂದು ಕಿಂಡಿಯಿದ್ದಿತಲ್ಲವೆ? ಒಳಯಂತ್ರಕ್ಕೂ ಹೊರಯಂತ್ರಕ್ಕೂ ನಡುವೆ ಕಡತಗಳನ್ನು ಸಾಗಿಸುವ ಹಂಚಿಕೆಯ ಕೋಶವೇ ಇಲ್ಲಿಯ ಕಿಂಡಿ. ಅಲ್ಲಿ ಓಬವ್ವನಂತಹ ಕಾವಲು ಬೇಕು. ರಕ್ಷಣೆ ಮುಗಿದ ವಿಂಡೋಸಿನಲ್ಲಿ ಅಂತರಜಾಲದ ಸಂಚಾರವನ್ನೂ ಬ್ಯಾಂಕಿನ ವ್ಯವಹಾರವನ್ನೂ ಸರ್ವಥಾ ಮಾಡಬಾರದು.

ಕಡತಗಳು ಯೂನಿಕೋಡಿಗೆ ಮಾರ್ಪಟ್ಟ ಮೇಲೆ ಒಳಯಂತ್ರವನ್ನು ಅಳಿಸಿದರೂ ನಷ್ಟವಿಲ್ಲ. ಮೂಲ ಕಡತಗಳನ್ನು ಮಾತ್ರ ಬೇರೆ ಕಡೆ ಜೋಪಾನವಾಗಿಡಬೇಕು. ಅಲ್ಲಿಂದಾಚೆಗೆ ತಾತನವರ ಮಾತನ್ನು ಮೊಮ್ಮಕ್ಕಳು ತಮ್ಮ ಕೈಯ ದೂರವಾಣಿಯಲ್ಲಿಯೇ ಓದಬಹುದು. ಅಜ್ಜಿಗೆ ಓದಿ ಹೇಳಲೂಬಹುದು.